ತಗೋ, ತಗೊಳ್ಳಿ, ತಗೊಳ್ಳೋಣ: ಸ್ಪ್ಯಾನಿಷ್‌ನಲ್ಲಿ ಯಾರಿಗೆ ಯಾವ ರೂಪ?

ವಿಡಿಯೋ ಕಾಲ್ ನಡೆಯುತ್ತಿತ್ತು. ನಾನು ಫೈಲ್ ಹುಡುಕುತ್ತಿದ್ದೆ. ಆ ಕಡೆ ಮೆಕ್ಸಿಕೋದ ಹಿರಿಯ ಇಂಜಿನಿಯರ್, ತಲೆಯೆಲ್ಲ ಬೆಳ್ಳಗಾದವರು. "ಎಸ್ಪೇರ, ಎಸ್ಪೇರ" ಅಂದೆ. ಮನಸ್ಸಿನಲ್ಲಿದ್ದದ್ದು "ಸ್ವಲ್ಪ ಇರಿ ಸಾರ್". ಬಾಯಿಂದ ಬಂದದ್ದು "ಇರು, ಇರು". ಅವರು ಏನೂ ಅನ್ನಲಿಲ್ಲ. ಕಾಲ್ ಮುಗಿದ ಮೇಲೆ ಅಲ್ಲಿನ ಸಹೋದ್ಯೋಗಿಯೊಬ್ಬಳು ಮೆಸೇಜ್ ಹಾಕಿದಳು: ಅವರಿಗೆ "ಎಸ್ಪೇರೆ" ಅನ್ನು. ಇಷ್ಟಕ್ಕೂ ತಪ್ಪಿದ್ದು ಕೊನೆಯ ಒಂದೇ ಒಂದು ಸ್ವರ.

ನಾನು ಕೋಲಾರದವನು. ಮನೆ ಎಪಿಎಂಸಿ ಟೊಮೆಟೊ ಮಂಡಿಗೆ ಹತ್ತಿರ. ಕೆಲಸ ನರಸಾಪುರದ ಕಡೆ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ. ಅದೇ ಕಂಪನಿಗೆ ಮೆಕ್ಸಿಕೋದಲ್ಲೂ ಒಂದು ಘಟಕ ಇರುವುದರಿಂದ ಸ್ಪ್ಯಾನಿಷ್ ತಲೆಗೆ ಬಿತ್ತು. ಆಪ್‌ನಲ್ಲಿ ಕಲಿತೆ, ಅದೂ ಇಂಗ್ಲಿಷ್ ಮೂಲಕ. ಎಡವಿದ್ದೇ ಅಲ್ಲಿ. ಇಂಗ್ಲಿಷ್‌ನಲ್ಲಿ ಮೊಮ್ಮಗನಿಗೂ "ವೇಟ್", ತಾತನಿಗೂ "ವೇಟ್". ನಮ್ಮಲ್ಲಿ ಹಾಗಿದೆಯಾ? ಬೆಳಗಿನ ಜಾವ ಮಂಡಿಗೆ ಹೋಗಿ ನಿಂತು ಕೇಳಿ. "ಎತ್ತೋ ಬಾಕ್ಸು", "ಜರುಗಣ್ಣ ಸ್ವಲ್ಪ", "ಸ್ವಾಮಿ, ಈ ಕಡೆ ನೋಡಿ", "ಹಾಕೋಣ ಬಿಡಿ", "ಅವನೂ ಬರಲಿ, ಇರಿ". ಐದು ನಿಮಿಷದಲ್ಲಿ ಐದು ಥರದ ಅಪ್ಪಣೆ. ಪಕ್ಕದಲ್ಲೇ ತೆಲುಗಿನಲ್ಲಿ ಒಬ್ಬನಿಗೆ "ರಾ", ಇನ್ನೊಬ್ಬರಿಗೆ "ರಂಡಿ". ಯಾರಿಗೆ ಯಾವುದು ಅಂತ ಯಾರೂ ಯೋಚನೆ ಮಾಡಿ ಆಡುವುದಿಲ್ಲ. ಸ್ಪ್ಯಾನಿಷ್ ಕೇಳುವುದೂ ಇದನ್ನೇ. ಹಾಗಾಗಿ ಇಂಗ್ಲಿಷ್ ಪಕ್ಕಕ್ಕಿಟ್ಟು, ಕನ್ನಡದ ಕಿವಿಯಿಂದಲೇ ಇದನ್ನು ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ದೀರ್ಘ ಎಲ್ಲಿದೆಯೋ ಅಲ್ಲಿ ಒತ್ತು ಕೊಟ್ಟು ಓದಿ. ಈ ಒತ್ತು ತಪ್ಪಿದ್ದಕ್ಕೆ ನನಗೆ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ತೂ ಅಥವಾ ಉಸ್ತೇದ್

"ನೀನು" ಅಂದರೆ ತೂ. ಮರ್ಯಾದೆಯ "ನೀವು", ಆದರೆ ಒಬ್ಬರೇ ಇದ್ದಾಗ, ಉಸ್ತೇದ್. ಉರ್ದು ಬಲ್ಲವರಿಗೆ "ತೂ" ಕೇಳಿದರೆ ಸ್ವಲ್ಪ ಒರಟು ಅನ್ನಿಸಬಹುದು. ಸ್ಪ್ಯಾನಿಷ್‌ನ ತೂ ಅಷ್ಟು ಒರಟಲ್ಲ, ಸಲಿಗೆಯದು.

ನಿಯಮಕ್ಕೆ ಒಳಪಟ್ಟ ಕ್ರಿಯಾಪದಗಳ ಮೂಲರೂಪ ಮೂರು ಥರ ಮುಗಿಯುತ್ತದೆ: ಆರ್, ಏರ್, ಈರ್. ಮಾತಾಡುವುದು ಅಬ್ಲಾರ್. ತಿನ್ನುವುದು ಕೊಮೇರ್. ಬರೆಯುವುದು ಎಸ್ಕ್ರಿಬೀರ್. ಈ ಮೂರೇ ಸಾಕು, ಉಳಿದವೆಲ್ಲ ಇವುಗಳ ಹಿಂದೆ ಬರುತ್ತವೆ.

ತೂಗೆ ಹೇಳುವುದು ತುಂಬಾ ಸುಲಭ. "ಅವನು ಮಾತಾಡುತ್ತಾನೆ" ಅನ್ನುವುದಕ್ಕೆ ಆಬ್ಲ. "ಮಾತಾಡು" ಅನ್ನುವುದಕ್ಕೂ ಅದೇ ಆಬ್ಲ. ಹಾಗೆಯೇ ಕೋಮೆ ಅಂದರೆ ತಿನ್ನು, ಎಸ್ಕ್ರೀಬೆ ಅಂದರೆ ಬರೆ. ಅಪ್ಪಣೆಯೋ ಸುದ್ದಿಯೋ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ.

ಉಸ್ತೇದ್‌ಗೆ ಹೇಳುವಾಗ ಕೊನೆಯ ಸ್ವರ ಅದಲು ಬದಲಾಗುತ್ತದೆ. ಆರ್ ಗುಂಪಿಗೆ ಎ ಬರುತ್ತದೆ: ಆಬ್ಲೆ, ಮಾತಾಡಿ. ಏರ್ ಮತ್ತು ಈರ್ ಗುಂಪಿಗೆ ಅ ಬರುತ್ತದೆ: ಕೋಮ, ತಿನ್ನಿ, ಎಸ್ಕ್ರೀಬ, ಬರೆಯಿರಿ. ಪುಸ್ತಕದ ದಾರಿ ಹೀಗೆ: "ನಾನು ಮಾತಾಡುತ್ತೇನೆ" ಅನ್ನುವ ಆಬ್ಲೊ ತಗೊಳ್ಳಿ, ಕೊನೆಯ ಒ ಕಿತ್ತುಹಾಕಿ, ಎದುರು ಗುಂಪಿನ ಸ್ವರ ಇಡಿ. ಕೋಮೊ ಹೋಗಿ ಕೋಮ ಆಗುತ್ತದೆ.

ಈಗ ನೋಡಿ, ಆಬ್ಲ ಸಲಿಗೆಯದು, ಕೋಮ ಮರ್ಯಾದೆಯದು. ಎರಡೂ ಅ ಇಂದಲೇ ಮುಗಿಯುತ್ತವೆ. ಕನ್ನಡದವರು ತಬ್ಬಿಬ್ಬಾಗುವುದು ಇಲ್ಲೇ, ಯಾಕೆಂದರೆ ಕೊನೆಯಲ್ಲಿ "ಇ" ಕೇಳಿದರೆ ಮರ್ಯಾದೆ ಅಂತ ನಮ್ಮ ಕಿವಿಗೆ ಅಭ್ಯಾಸ: ಮಾಡಿ, ಬನ್ನಿ, ನೋಡಿ. ಸ್ಪ್ಯಾನಿಷ್‌ನಲ್ಲೂ ಅಂಥ ಒಂದು ಮರ್ಯಾದೆಯ ಸ್ವರ ಹುಡುಕುತ್ತೇವೆ. ಇಲ್ಲ. ಆದರೆ ಸರಿಯಾಗಿ ನೋಡಿದರೆ ಕನ್ನಡದಲ್ಲೂ ಇಲ್ಲ ಕಣ್ರೀ. "ಮಾಡಿ" ಅಂದರೆ ಮರ್ಯಾದೆ. "ಕುಡಿ" ಅಂದರೆ? "ಹಿಡಿ" ಅಂದರೆ? ಏಕವಚನ. ನೆಂಟರಿಗೆ ಕಾಫಿ ಕೊಟ್ಟು "ಕುಡಿ" ಅಂದರೆ ಅಮ್ಮ ಒಳಗಿಂದಲೇ ಕಣ್ಣು ಬಿಡುತ್ತಾರೆ. ಕುಡಿ ಅನ್ನುವ ಪದದ ಜಾತಿ ಬೇರೆ ಅಂತ ನಮಗೆ ಗೊತ್ತು, ಅದಕ್ಕೇ ಕುಡಿಯಿರಿ ಅನ್ನುತ್ತೇವೆ. ಸ್ಪ್ಯಾನಿಷ್‌ನಲ್ಲೂ ಹಾಗೇ, ಪದ ಯಾವ ಗುಂಪಿನದು ಅಂತ ಮೊದಲು ತಿಳಿದಿರಬೇಕು. ಅದಕ್ಕೇ ಹೊಸ ಕ್ರಿಯಾಪದ ಕಲಿಯುವಾಗ ಮೂಲರೂಪದ ಜೊತೆಗೆ ಈ ಜೋಡಿಯನ್ನೂ ಒಟ್ಟಿಗೆ ಬಾಯಿಪಾಠ ಮಾಡಿ: ಮೀರ–ಮೀರೆ (ನೋಡು–ನೋಡಿ), ತೋಮ–ತೋಮೆ (ತಗೋ–ತಗೊಳ್ಳಿ), ಬೇಬೆ–ಬೇಬ (ಕುಡಿ–ಕುಡಿಯಿರಿ), ಆಬ್ರೆ–ಆಬ್ರ (ತೆಗೆ–ತೆಗೆಯಿರಿ, ಬಾಗಿಲು).

ಉಸ್ತೇದ್ ಯಾಕೆ ಹೀಗೆ ಬೇರೆ ದಾರಿ ಹಿಡಿಯಿತು ಅಂದರೆ, ಆ ಪದ ಹುಟ್ಟಿದ್ದೇ "ಬುಎಸ್ತ್ರ ಮೆರ್ಸೇದ್" ಅನ್ನುವುದರಿಂದ. "ತಮ್ಮ ಕೃಪೆ" ಅಂದ ಹಾಗೆ. ದೊಡ್ಡವರನ್ನು ನೇರವಾಗಿ ಕರೆಯದೆ "ಅವರು" ಅನ್ನುವ ಧಾಟಿಯಲ್ಲಿ ಮಾತಾಡುವುದು. ನಮ್ಮಲ್ಲಿ "ಸಾಹೇಬರು ಒಳಗೆ ಬರಲಿ" ಅಂತಾರಲ್ಲ, ಅದೇ ಜಾಡು. ಉಸ್ತೇದ್‌ನ ಅಪ್ಪಣೆ ನಿಜಕ್ಕೂ "ಮಾಡು" ಥರದ ರೂಪವಲ್ಲ, "ಮಾಡಲಿ" ಥರದ ರೂಪ. ಇದು ತಲೆಗೆ ಹೋದ ದಿನ ನನಗೆ ಅರ್ಧ ವ್ಯಾಕರಣ ಹಗುರವಾಯಿತು. "ಪಾಸೆ" ಅಂದರೆ ಒಳಗೆ ಬನ್ನಿ. ಮುಂದೆ ಒಂದು "ಕೆ" ಸೇರಿಸಿ "ಕೆ ಪಾಸೆ" ಅಂದರೆ ಅವರು ಒಳಗೆ ಬರಲಿ. ರೂಪ ಅದೇ.

ಒತ್ತಿನ ಕಥೆ

ಒಂದು ಫಾರಂಗೆ ಆ ಕಡೆಯ ಸಹಿ ಬೇಕಿತ್ತು. ಸಹಿ ಹಾಕುವುದು ಫಿರ್ಮಾರ್. "ಇಲ್ಲಿ ಸಹಿ ಹಾಕಿ" ಅನ್ನಬೇಕಾದರೆ "ಫೀರ್ಮೆ ಅಕೀ". ನಾನು ವಾಯ್ಸ್ ಮೆಸೇಜ್‌ನಲ್ಲಿ ಜೋರಾಗಿ, ಕೊನೆಗೆ ಒತ್ತು ಕೊಟ್ಟು "ಫಿರ್ಮೇ ಅಕೀ" ಅಂದೆ. ಅದರ ಅರ್ಥ "ನಾನು ಇಲ್ಲಿ ಸಹಿ ಹಾಕಿದೆ". ಸರಿ, ಹಾಕಿದ್ದಾನಲ್ಲ ಅಂತ ಅವರು ಸುಮ್ನೆ ಕೂತರು. ನಾನೂ ಕಾಯುತ್ತಾ ಕೂತೆ. ಎರಡು ದಿನ ಕಾಗದ ಅಲ್ಲೇ ಬಿದ್ದಿತ್ತು.

ನಿಯಮಕ್ಕೆ ಒಳಪಟ್ಟ ಆರ್ ಗುಂಪಿನ ಪದಗಳಿಗೆ ಈ ಅಪಾಯ ಇದೆ. ಆಬ್ಲೆ ಅಂದರೆ ಮಾತಾಡಿ, ಅಬ್ಲೇ ಅಂದರೆ ಮಾತಾಡಿದೆ. ಬರೆಯುವಾಗ ಕೊನೆಯ ಅಕ್ಷರದ ಮೇಲೆ ಒಂದು ಸಣ್ಣ ಗೀಟು ಇದ್ದರೆ ಕಥೆ ಮುಗಿದುಹೋದ ಕಾಲಕ್ಕೆ ಸೇರುತ್ತದೆ. ನಾವು ವಾಕ್ಯದ ಕೊನೆಯನ್ನು ಎಳೆಯುವ ಜನ: "ಮಾಡೀ...", "ಬನ್ನೀ...". ಆ ಎಳೆತ ಸ್ಪ್ಯಾನಿಷ್‌ಗೆ ಒಯ್ಯಬೇಡಿ.

ಯಾವುದನ್ನು ಮೊದಲು ಕಲಿಯಬೇಕು?

ಹೆಚ್ಚಿನ ಆಪ್‌ಗಳು ತೂ ಇಂದ ಶುರು ಮಾಡುತ್ತವೆ. ನನ್ನ ಓಟು ಉಸ್ತೇದ್‌ಗೆ. ಕಾರಣ ಬರೀ ಮರ್ಯಾದೆ ಅಲ್ಲ, ಲೆಕ್ಕಾಚಾರ. ಆಬ್ಲೆ ಒಂದು ಗೊತ್ತಿದ್ದರೆ, ತುದಿಗೆ ನ್ ಹಚ್ಚಿ ಗುಂಪಿಗೆ ಹೇಳಬಹುದು: ಆಬ್ಲೆನ್. ಮುಂದೆ "ನೋ" ಇಟ್ಟರೆ ಬೇಡ ಅಂದ ಹಾಗೆ: ನೋ ಆಬ್ಲೆ, ಮಾತಾಡಬೇಡಿ. ಮುಂದೆ ಕೆ ಇಟ್ಟರೆ "ಮಾತಾಡಲಿ". ಒಂದು ಕಲಿತರೆ ನಾಲ್ಕು ಕೈಗೆ ಬಂತು. ತೂ ಹಾಗಲ್ಲ. "ಆಬ್ಲ" ಅಂತ ಕಲಿತರೆ, "ಮಾತಾಡಬೇಡ" ಅನ್ನುವಾಗ ಅದು ನೋ ಆಬ್ಲೆಸ್ ಆಗಿ ರೂಪವೇ ಬದಲಾಗುತ್ತದೆ. ಜೊತೆಗೆ ತೂಗೆ ಎಂಟು ಹಟಮಾರಿ ಪದಗಳಿವೆ. ಬಾ ಅನ್ನಲು ಬೇನ್, ಇಡು ಅನ್ನಲು ಪೋನ್, ಹೀಗೆ. ಅವನ್ನು ಒಂದೊಂದಾಗಿ ನೆನಪಿಡಬೇಕು. ಅವು ಇಲ್ಲಿನ ವಿಷಯವಲ್ಲ, ಬಿಡಿ.

ಇನ್ನೊಂದು ಕಾರಣ. ಸಲಿಗೆ ಇದ್ದವರಿಗೆ ಉಸ್ತೇದ್ ಅಂದುಬಿಟ್ಟರೆ ಅವರೇ ನಕ್ಕು "ತೂ ಅನ್ನು" ಅನ್ನುತ್ತಾರೆ. ಹಿರಿಯರಿಗೆ ತೂ ಅಂದರೆ ಎಷ್ಟೋ ಸಲ ಯಾರೂ ತಿದ್ದುವುದಿಲ್ಲ, ಒಳಗೊಳಗೇ ಉಳಿದುಹೋಗುತ್ತದೆ. ನನ್ನ ಅದೃಷ್ಟ, ಆ ಹುಡುಗಿ ತಿದ್ದಿದಳು.

ಆದರೆ ಊರು ನೋಡಬೇಕು. ಸ್ಪೇನ್‌ಗೆ ಓದಲು ಹೋಗುವ ಹುಡುಗರು ತೂ ಮೇಲೇ ಜಾಸ್ತಿ ಗಮನ ಕೊಡಿ. ಅಲ್ಲಿ ಅಂಗಡಿಯಲ್ಲಿ, ಆಫೀಸಿನಲ್ಲಿ, ಎಷ್ಟೋ ಕಡೆ ಮೇಷ್ಟ್ರಿಗೂ ತೂ ನಡೆಯುತ್ತದೆ. ಎಲ್ಲರಿಗೂ ಉಸ್ತೇದ್ ಅಂದರೆ ಮದುವೆ ಆಮಂತ್ರಣ ಓದಿದ ಹಾಗಾಗುತ್ತದೆ. ಕೊಲಂಬಿಯಾದ ಬೊಗೊತಾ ಕಡೆ ಇದರ ತದ್ವಿರುದ್ಧ. ಅಲ್ಲಿ ಮನೆಯೊಳಗೆ, ಗೆಳೆಯರ ನಡುವೆಯೂ ಉಸ್ತೇದ್ ಕೇಳಿಸುತ್ತದೆ. ಕೋಸ್ತ ರೀಕದಲ್ಲೂ ಉಸ್ತೇದ್ ಬಳಕೆ ಜಾಸ್ತಿ. ಮಗಳನ್ನು "ಬನ್ನಿ ತಾಯಿ" ಅಂತ ಕರೆಯುವವರು ನಮ್ಮಲ್ಲೂ ಇದ್ದಾರಲ್ಲ. ಆ ಪ್ರೀತಿಯ ಬಹುವಚನ ಗೊತ್ತಿದ್ದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ಮೆಕ್ಸಿಕೋದ ಒಂದು ಮಾತು ನನಗೆ ಬಹಳ ಇಷ್ಟ. ನೀವು ಹೇಳಿದ್ದು ಸರಿಯಾಗಿ ಕೇಳಿಸದಿದ್ದರೆ ಅಲ್ಲಿಯವರು "ಮಾಂದೆ?" ಅನ್ನುತ್ತಾರೆ. ಮಂದಾರ್ ಅಂದರೆ ಅಪ್ಪಣೆ ಕೊಡುವುದು. ಮಾಂದೆ ಅದರ ಉಸ್ತೇದ್ ರೂಪ, "ಅಪ್ಪಣೆಯಾಗಲಿ" ಅಂದ ಹಾಗೆ. ಬರೀ "ಏನಂದ್ರಿ?" ಅನ್ನುವ ಜಾಗದಲ್ಲಿ ಇಷ್ಟು ದೊಡ್ಡ ಮಾತು! ಮೊದಲ ಸಲ ಕೇಳಿದಾಗ ಇವರು ಮಂಡಿ ಬಗ್ಗೆ ಏನೋ ಕೇಳುತ್ತಿದ್ದಾರೆ ಅಂದುಕೊಂಡಿದ್ದೆ.

ಬೋರ್ಡುಗಳ ವಿಷಯ ಸರಳ. ಬಾಗಿಲ ಮೇಲೆ "ತಳ್ಳಿ" ಅನ್ನುವುದಕ್ಕೆ ಎಂಪೂಹೆ, ಅದು ಉಸ್ತೇದ್. ಇಲ್ಲವೇ ಮೂಲರೂಪವನ್ನೇ ಹಾಕಿರುತ್ತಾರೆ, ಎಂಪುಹಾರ್. ಅಡುಗೆ ಬರಹದಲ್ಲೂ ಹೀಗೇ ಎರಡೂ ನಡೆಯುತ್ತವೆ: ಕೋರ್ತೆ (ಹೆಚ್ಚಿ) ಅಥವಾ ಬರೀ ಕೊರ್ತಾರ್ (ಹೆಚ್ಚುವುದು). ಟೊಮೆಟೊ ಹೆಚ್ಚಿ ಅನ್ನಬೇಕಾದರೆ "ಕೋರ್ತೆ ಎಲ್ ತೊಮಾತೆ". ನಮ್ಮೂರಿನ ಬೆಳೆಯ ಹೆಸರು ಬಂದದ್ದೇ ಮೆಕ್ಸಿಕೋದ ನಾವಾತಲ್ ಭಾಷೆಯಿಂದ, ಸ್ಪ್ಯಾನಿಷ್ ದಾಟಿ. ತಮಾಷೆ ಏನೆಂದರೆ, ಮಧ್ಯ ಮೆಕ್ಸಿಕೋದಲ್ಲಿ ಕೆಂಪು ಹಣ್ಣಿಗೆ ಹಿತೊಮಾತೆ ಅಂತಾರೆ. ಅಲ್ಲಿ ಬರೀ ತೊಮಾತೆ ಅಂದರೆ ಸಿಪ್ಪೆ ಹೊದ್ದ ಇನ್ನೊಂದು ಹಸಿರು ಕಾಯಿ. ಕೋಲಾರದವನು ಟೊಮೆಟೊ ವಿಷಯದಲ್ಲಿ ತಿದ್ದಿಸಿಕೊಳ್ಳಬೇಕಾಗಿ ಬಂತು, ಏನು ಮಾಡೋದು.

ಗುಂಪಿಗೆ ಹೇಳುವಾಗ

ಕನ್ನಡದಲ್ಲಿ "ನೀವು" ಎರಡು ಕೆಲಸ ಮಾಡುತ್ತದೆ. ಒಬ್ಬ ಹಿರಿಯರಿಗೂ "ಬರೆಯಿರಿ", ನಾಲ್ಕು ಜನ ಹುಡುಗರಿಗೂ "ಬರೆಯಿರಿ". ಸ್ಪ್ಯಾನಿಷ್ ಇವೆರಡನ್ನೂ ಬಿಡಿಸುತ್ತದೆ. ಒಬ್ಬರಿಗೆ ಎಸ್ಕ್ರೀಬ, ಗುಂಪಿಗೆ ಎಸ್ಕ್ರೀಬನ್. ಗುಂಪಿನ ನೀವು ಉಸ್ತೇದೆಸ್. ಲ್ಯಾಟಿನ್ ಅಮೆರಿಕದಲ್ಲಿ ನಿಮ್ಮ ಯೋಚನೆ ಇಲ್ಲಿಗೆ ಮುಗಿಯಿತು. ಗುಂಪು ಮಕ್ಕಳದೋ, ಮಂತ್ರಿಗಳದೋ, ಉಸ್ತೇದೆಸ್ ಒಂದೇ.

ಸ್ಪೇನ್‌ನಲ್ಲಿ ಮಾತ್ರ ಗೆಳೆಯರ ಗುಂಪಿಗೆ ಬೇರೆ ರೂಪ, ಬೊಸೋತ್ರೊಸ್. ಮಾಡುವುದು ಬಹಳ ಸುಲಭ: ಮೂಲರೂಪದ ಕೊನೆಯ ರ್ ತೆಗೆದು ದ್ ಇಡಿ. ಅಬ್ಲಾದ್, ಕೊಮೇದ್, ಎಸ್ಕ್ರಿಬೀದ್. ಇದರಲ್ಲಿ ಹಟಮಾರಿ ಪದವೇ ಇಲ್ಲ. ಮಾತಿನಲ್ಲಿ ಆ ದ್ ಕಷ್ಟ ಅಂತ ಸ್ಪೇನ್‌ನವರೇ ಎಷ್ಟೋ ಸಲ ರ್ ಉಳಿಸಿಕೊಂಡು "ಅಬ್ಲಾರ್" ಅಂದುಬಿಡುತ್ತಾರೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ಸ್ಪೇನ್‌ಗೆ ಹೋಗುವ ಯೋಚನೆ ಇಲ್ಲದಿದ್ದರೆ ಇದನ್ನು ಕೇಳಿದರೆ ಗೊತ್ತಾಗುವಷ್ಟು ತಿಳಿದರೆ ಸಾಕು.

ಅರ್ಜೆಂಟೀನಾ, ಉರುಗ್ವೆ ಕಡೆಯವರ ಜೊತೆ ಕೆಲಸವಿದ್ದರೆ ತೂ ಬಿಟ್ಟು ಬೋಸ್ ಕಲಿಯಿರಿ. ಮಧ್ಯ ಅಮೆರಿಕದಲ್ಲೂ ಇದು ಬಹಳ ಕಡೆ ಇದೆ. ಮೂಲರೂಪದ ರ್ ಕಿತ್ತರೆ ಸಾಕು, ಒತ್ತು ಕೊನೆಯಲ್ಲೇ ಉಳಿಯುತ್ತದೆ: ಅಬ್ಲಾ, ಕೊಮೇ, ಎಸ್ಕ್ರಿಬೀ. ಆಬ್ಲ ಅಂದರೆ ಮೆಕ್ಸಿಕೋ, ಅಬ್ಲಾ ಅಂದರೆ ಬ್ಯೂನಸ್ ಐರಿಸ್. ನನ್ನ ಕೇಳಿದರೆ ಇಡೀ ಪಟ್ಟಿಯಲ್ಲಿ ನಾಲಿಗೆಗೆ ಅತಿ ಹಗುರ ಇದೇ. ಎಳೆಯುವ ಅಭ್ಯಾಸ ಇದ್ದವರಿಗಂತೂ ಹೇಳಿ ಮಾಡಿಸಿದ್ದು.

"ಮಾಡೋಣ" ಅನ್ನಲು ಎರಡು ದಾರಿ. ಅಬ್ಲೇಮೊಸ್ (ಮಾತಾಡೋಣ), ಕೊಮಾಮೊಸ್ (ತಿನ್ನೋಣ) ಅನ್ನುವುದು ಒಂದು. ಬಾಮೊಸ್ ಅ ಕೊಮೇರ್ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸ್ವಲ್ಪ ಮೀಟಿಂಗ್ ವಾಸನೆ ಇದೆ. ಕ್ಯಾಂಟೀನಿಗೆ ಕರೆಯುವಾಗ ಎರಡನೆಯದೇ ಸರಿ.

ಅಕ್ಷರದ ಒಂದು ತಕರಾರು ಹೇಳಿ ಮುಂದೆ ಹೋಗುತ್ತೇನೆ. ಹುಡುಕು ಅನ್ನಲು ಬೂಸ್ಕ, ಹುಡುಕಿ ಅನ್ನಲು ಬೂಸ್ಕೆ. ದುಡ್ಡು ಕೊಡು ಅನ್ನಲು ಪಾಗ, ಕೊಡಿ ಅನ್ನಲು ಪಾಗೆ. ಕನ್ನಡ ಅಕ್ಷರದಲ್ಲಿ ಇದರಲ್ಲಿ ಏನೂ ವಿಶೇಷ ಕಾಣುವುದಿಲ್ಲ, ನೋಡಿ. ರೋಮನ್ ಲಿಪಿಯಲ್ಲಿ ಮಾತ್ರ ಎ ಮುಂದೆ ಬಂದರೆ ಸಿ ಅಕ್ಷರ "ಸೆ" ಆಗುತ್ತದೆ, ಜಿ ಅಕ್ಷರ "ಹೆ" ಆಗುತ್ತದೆ. ಹಾಗಾಗಬಾರದು ಅಂತ ಸಿ ಬದಲು ಕ್ಯು ಮತ್ತು ಯು ಹಾಕುತ್ತಾರೆ, ಜಿ ಪಕ್ಕ ಒಂದು ಯು ತುರುಕುತ್ತಾರೆ. ಪುಸ್ತಕಗಳು ಇದನ್ನು ದೊಡ್ಡ ಅಪವಾದದ ಥರ ಹೆದರಿಸುತ್ತವೆ. ಕಿವಿಗೆ ಏನೂ ಬದಲಾಗಿಲ್ಲ, ಕಾಗುಣಿತ ಮಾತ್ರ.

ಅಪ್ಪಣೆ ಕೊಡಬೇಕೋ, ಕೇಳಬೇಕೋ

ರೂಪ ಸರಿಯಾಗಿದ್ದರೂ ಅಪ್ಪಣೆ ಅಪ್ಪಣೆಯೇ. ಊಟದ ಟೇಬಲ್ ಮೇಲೆ ಉಪ್ಪು ಬೇಕು ಅನ್ನಿ. ಪಾಸಮೆ ಲ ಸಾಲ್, ಉಪ್ಪು ಕೊಡು. ಪಾಸೆಮೆ ಲ ಸಾಲ್, ಉಪ್ಪು ಕೊಡಿ. ಮೆ ಪಾಸ ಲ ಸಾಲ್?, ಉಪ್ಪು ಕೊಡ್ತೀರಾ? ಹೊರಗಿನವರ ಜೊತೆ ಮೂರನೆಯದು ಎಲ್ಲಕ್ಕಿಂತ ನಯ. ಕೊನೆಗೆ "ಪೋರ್ ಫಬೋರ್" ಸೇರಿಸಿದರೆ ಇನ್ನೂ ಒಳ್ಳೆಯದು. ನಾವೂ ಹೀಗೇ ಅಲ್ವಾ, ಕೊಡಿ ಅನ್ನುವುದಕ್ಕಿಂತ ಕೊಡ್ತೀರಾ ಅಂದರೆ ತಕ್ಷಣ ಕೈ ಬರುತ್ತದೆ.

ಗಮನಿಸಿ: ಮೊದಲನೆಯದರಲ್ಲೂ "ಪಾಸ", ಮೂರನೆಯದರಲ್ಲೂ "ಪಾಸ". ಮೊದಲನೆಯದು ಏಕವಚನದ ಅಪ್ಪಣೆ, ಮೂರನೆಯದು ಮರ್ಯಾದೆಯ ಪ್ರಶ್ನೆ. "ಮೆ" ಅಂದರೆ ನನಗೆ, ಅದು ಹಿಂದೆ ಇದೆಯೋ ಮುಂದೆ ಇದೆಯೋ ಅನ್ನುವುದರಲ್ಲೇ ಎಲ್ಲ ಇದೆ.

ಉಪಚಾರ ಮಾಡುವಾಗ ಮಾತ್ರ ನೇರ ಅಪ್ಪಣೆಯೇ ಚೆಂದ. ಬಾಗಿಲಲ್ಲಿ ನಿಂತವರಿಗೆ "ಪಾಸೆ, ಪಾಸೆ". ತಟ್ಟೆ ಮುಂದೆ ಕೂತವರಿಗೆ "ಕೋಮ, ಕೋಮ". ನಾವು "ಬನ್ನಿ ಬನ್ನಿ", "ತಿನ್ನಿ ತಿನ್ನಿ" ಅಂತ ಎರಡೆರಡು ಸಲ ಹೇಳುವ ಹಾಗೆಯೇ.

ಬಾಲದ ಲೊ ಮತ್ತು ಲೆ

"ಅದನ್ನು", "ಅವರಿಗೆ" ಅನ್ನುವ ಪುಟ್ಟ ಪದಗಳು ಅಪ್ಪಣೆಯ ಬಾಲಕ್ಕೆ ಅಂಟಿಕೊಳ್ಳುತ್ತವೆ. ಒತ್ತು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಅದಕ್ಕೇ ಬರೆಯುವಾಗ ಆ ಸ್ವರದ ಮೇಲೆ ಗೀಟು ಬೀಳುತ್ತದೆ. ತೋಮ, ತೋಮಲೊ: ಅದನ್ನು ತಗೋ. ತೋಮೆ, ತೋಮೆಲೊ: ಅದನ್ನು ತಗೊಳ್ಳಿ. ಬೇಡ ಅನ್ನುವಾಗ ಲೊ ಮುಂದಕ್ಕೆ ಹೋಗುತ್ತದೆ: ನೋ ಲೊ ತೋಮೆ.

ಇಲ್ಲಿ ಕನ್ನಡದವರಿಗೆ ಸಿಗುವ ಮಜಾ ಬೇರೆ ಯಾರಿಗೂ ಸಿಗಲಾರದು. "ಲೊ" ಕೇಳಿದ ಕೂಡಲೇ ನಮಗೆ "ಬಾರೋ ಲೋ" ನೆನಪಾಗುತ್ತದೆ. "ಲೆ" ಕೇಳಿದರೆ "ಏನ್ಲೇ". ಮನೆಯಲ್ಲಿ ನಾನು ಫೋನ್ ಹಿಡಿದು "ಎಸ್ಕ್ರೀಬಲೆ" ಅಂದಾಗ ಅಪ್ಪ ಪೇಪರ್ ಕೆಳಗಿಟ್ಟು ನೋಡಿದರು. ಆಫೀಸಿನವರಿಗೆ ಯಾರಾದರೂ ಲೇ ಅಂತಾರಾ ಅಂತ ಅವರ ಅನುಮಾನ. ಎಸ್ಕ್ರೀಬಲೆ ಅಂದರೆ "ಅವರಿಗೆ ಬರೆಯಿರಿ". ಎಸ್ಕ್ರೀಬ ಅನ್ನುವಲ್ಲಿ ಮರ್ಯಾದೆ ಆಗಲೇ ಬಂದಿದೆ, ಲೆ ಬರೀ "ಅವರಿಗೆ". ಎರಡು ಸಲ ವಿವರಿಸಿದೆ. ಅಪ್ಪ ಪೇಪರ್ ಮತ್ತೆ ಎತ್ತಿಕೊಂಡರು. "ಆಯ್ತು, ಆದರೆ ದೊಡ್ಡವರು ಮನೆಗೆ ಬಂದಾಗ ಆ ಫೋನ್ ಮಾಡಬೇಡ" ಅಂದರು.